ಅಪ್ಪನ ಕಾಲಿನ ಬಾವು ವರ್ಷಗಟ್ಲೆ ಹೋಗವಲ್ದು, ಕೀವಿನಾಗ ರವಾದಂಥ ಕಾಳ ಬರ್ತಾವ, ಯಾರರೆ ನೋಡೀರೇನ್ರಿ?

ಮುಧೋಳ_ಹುಡುಗ:
ನಮಸ್ಕಾರ್ರಿ ಎಲ್ಲಾರಿಗೂ. ಭಾಳ ದಿವಸದಿಂದ ಬರೇ ಓದ್ಕೋತ ಇದ್ದೆ, ಇವತ್ತ ಬರ್ಯಾಕತ್ತೇನಿ ಯಾಕಂದ್ರ ತಲಿ ಓಡವಲ್ದಾಗೇತಿ. ನಮ್ಮಪ್ಪಗ 57 ವಯಸ್ಸು, ಮುಧೋಳ ತಾಲೂಕು, ಘಟಪ್ರಭಾ ದಂಡಿಗೆ ಕಬ್ಬು, ಮ್ಯಾಲ ಒಂದೀಟ ಗೋವಿನಜೋಳ. ಆರು ವರ್ಷದ ಹಿಂದ ಎಡಗಾಲಿಗೆ ಬಳ್ಳಾರಿ ಜಾಲಿ ಮುಳ್ಳ ಮುರದಿತ್ತು, ಅವ್ವ ಪಿನ್ನಿಲೆ ಕೆದರಿ ತಗದ್ಲು, ಅರಿಷಿಣ ಹಚ್ಚಿದ್ಲು, ಮರತಬಿಟ್ವಿ. ವರ್ಷದ ಮ್ಯಾಲ ಅದ ಜಾಗಾದಾಗ ಗೋಲಿಯಷ್ಟ ಗಂಟ ಬಂತು, ನೋವಿಲ್ಲ ಏನಿಲ್ಲ, ಹಂಗ ಬಿಟ್ಟಿದ್ವಿ. ಈಗ ಪಾದ ಪೂರಾ ಬಾತು ಗಟ್ಟಿ ಆಗೇತಿ, ಐದಾರ ತೂತ ಬಿದ್ದಾವ, ಒಂದ ಮುಚ್ಚಿದ್ರ ಬಾಜೂಕ ಇನ್ನೊಂದ ತೆರಿತೈತಿ, ರಸಿಗಿ ಸೋರ್ತೈತಿ. ಎಡಗಾಲಿನ ಚಪ್ಪಲ್ ಹಿಡಿಯೂದಿಲ್ಲ, ಹಳೇ ಚಪ್ಪಲ್‌ದ ಬಾರ ಕತ್ತರಿಸಿ ಹಾಕ್ಕೋತಾನ.
ಎರಡ ಸಲ ಕೊಯ್ಸೀವಿ, ಆ್ಯಂಟಿಬಯಾಟಿಕ್ ಗುಳಿಗಿ ಐದೈದ ದಿನದ ಕೋರ್ಸ್ ಎಷ್ಟ ಆಗ್ಯಾವ ಲೆಕ್ಕ ಇಲ್ಲ. ಸಕ್ಕರಿ ಇಲ್ಲ, ಮೂರ ಸಲ ಚೆಕ್ ಮಾಡಿಸೀವಿ. ಒಬ್ರು ಟಿಬಿ ಇರಬೇಕು ಅಂದ್ರು. ಊರಾಗ ನಂಜು ಅಂತಾರ, ಬದನಿಕಾಯಿ, ಶೇಂಗಾ ಎಲ್ಲಾ ಬಿಡಿಸ್ಯಾರ, ಒಬ್ಬಾಕಿ ಮಾಟ ಅಂತನೂ ಅಂದ್ಲು. ಹೋದ ವಾರ ಒಂದ ಪ್ರೈವೇಟ್ ದವಾಖಾನ್ಯಾಗ ಎಲುವಿಗೆ ಹತ್ತೇತಿ, ಪಾದ ತಗೀಬೇಕು ಅಂತ ಹೇಳಿಬಿಟ್ರು. ಅಪ್ಪ ಅವತ್ತಿಂದ ಊಟಾ ಸರಿ ಮಾಡವಲ್ಲ. ಯಾರರೆ ಇಂಥಾದ್ದ ನೋಡಿದ್ರ ಹೇಳ್ರಿ.

ಇಂಡಿ_ಲಿಂಬಿಕಾಯಿ:
ತಮ್ಮಾ ಇದು ಆನಿಕಾಲ ಇರಬೇಕ ನೋಡ, ನಮ್ಮ ಓಣ್ಯಾಗ ಇಬ್ಬರಿಗೆ ಐತಿ. ಬೇವಿನ ತಪ್ಪಲ ಕುದಿಸಿದ ನೀರಾಗ ದಿನಾ ತೊಳೀರಿ.

ನರ್ಸಕ್ಕ_ತಿಕೋಟಾ:
ಲಿಂಬಿಕಾಯಿ ಅಣ್ಣಾರ, ಆನಿಕಾಲಿನಾಗ ಬಾವು ಮೊಳಕಾಲ ಕಡೆ ಏರ್ತೈತ್ರಿ, ಹಿಂಗ ಪಾದದಾಗ ತೂತ ಬಿದ್ದು ಕಾಳ ಬರೂದಿಲ್ಲ. ಹುಡುಗಾ, ನಿನ್ನ ಹೆಡ್ಡಿಂಗ್‌ನ್ಯಾಗ ರವಾದಂಥ ಕಾಳ ಅಂತ ಬರದಿಯಲ್ಲ, ಒಳಗ ಬರ್ಯಾಕ ಮರತಿ, ಅದ ಮೇನ್ ಮಾತ. ಎಂಥಾ ಬಣ್ಣ ಅದಾವು? ಕರೀದೋ, ಬಿಳೀದೋ, ಹಳದೀನೋ, ಕೆಂಪೋ? ಒತ್ತಿದ್ರ ಮೆತ್ತಗ ಅದಾವೋ ಗಟ್ಟಿ ಅದಾವೋ? ನೋವ ಎಷ್ಟೈತಿ?

ಮುಧೋಳ_ಹುಡುಗ:
ಅಕ್ಕಾರ, ಬಿಳಿ ಹಳದಿ ನಡುವ ಅದಾವ್ರಿ, ಉಪ್ಪಿಟ್ಟಿನ ರವಾಕ್ಕಿಂತ ಸಣ್ಣು. ಬಟ್ಟಿಗೆ ಅಂಟಿರ್ತಾವ. ಕೊಯ್ದವ್ರಿಗೆ ತೋರಿಸಿದ್ರ ಕೀವು ಒಣಗಿದ್ದು ಅಂದ್ರು. ನೋವ ಅಂತೂ ಅಷ್ಟಿಲ್ಲ, ಅದಕ್ಕ ಅಲ್ಲರೀ ಇಷ್ಟ ವರ್ಷ ಹೊಲಕ್ಕ ಹೋಗಿದ್ದು.

ಗೋಕಾಕ_ಕರದಂಟು:
ಇಷ್ಟ ಬಾತು ನೋವಿಲ್ಲ ಅಂದ್ರ ಹೆಂಗ? ನನಗ ಡೌಟ್. ಕ್ಯಾನ್ಸರ್ ಚೆಕ್ ಮಾಡಿಸ್ರಿ ಮೊದ್ಲ.

ಪಿಜಿ_ಚರ್ಮ:
ನಾನು ಬೆಳಗಾವಿಯೊಳಗ ಚರ್ಮರೋಗ ವಿಭಾಗದಾಗ ಪಿಜಿ ಮಾಡ್ತೀನಿ, ಆನ್‌ಲೈನ್‌ನ್ಯಾಗ ಡಯಾಗ್ನೋಸಿಸ್ ಕೊಡೂದಿಲ್ಲ ಅಂತ ಮೊದಲ ಹೇಳಿಬಿಡ್ತೀನಿ. ಆದ್ರ ಮುಳ್ಳು ಚುಚ್ಚಿದ್ದು, ನೋವಿಲ್ಲದ ಗಟ್ಟಿ ಬಾವು, ಒಂದರ ಬಾಜೂಕ ಒಂದು ತೂತು, ಅದರಾಗಿಂದ ಕಾಳು, ಇಷ್ಟನ್ನ ಯಾರ ಮುಂದ ಇಟ್ಟರೂ ಮೊದಲ ಮನಸಿಗೆ ಬರಬೇಕಾದ್ದು ಮೈಸಿಟೋಮಾ. ಮದುರಾ ಫೂಟ್ ಅಂತನೂ ಅಂತಾರ, ಮದುರೈ ಊರಿನ ಹೆಸರು ಅದು. 1842ರಾಗ ಮದುರೈ ದವಾಖಾನಿಯ ಗಿಲ್ ಅನ್ನೋ ಡಾಕ್ಟರ್ ಇದರ ಬಗ್ಗೆ ಬರದಿದ್ರು, ಮುಂದ 1860ರ ಸುಮಾರಿಗೆ ಮುಂಬೈಯಾಗ ಇದ್ದ ವ್ಯಾಂಡೈಕ್ ಕಾರ್ಟರ್ ಮೈಸಿಟೋಮಾ ಅಂತ ಹೆಸರಿಟ್ರು. ಅಂದ್ರ ಹೊರಗಿನ ರೋಗ ಅಲ್ಲ, ನಮ್ಮ ಮಣ್ಣಿಂದ. ಬರಿಗಾಲಿಲೆ ಹೊಲಕ್ಕ ಹೋಗೋರಿಗೆ ಮುಳ್ಳಿನ ಸಂಗಡ ಮಣ್ಣಿನಾಗಿನ ಜೀವಿ ಒಳಗ ಹೋಗ್ತಾವ, ಅಲ್ಲೇ ಹಗೂರಕ ಬೆಳಿತಾವ, ವರ್ಷಗಟ್ಲೆ. ಕಾಳು ಅಂದ್ರ ಆ ಜೀವಿಗಳ ಗುಂಪು, ಒಣಗಿದ ಕೀವು ಅಲ್ಲ. 15 ಡಿಗ್ರಿ ದಕ್ಷಿಣದಿಂದ 30 ಡಿಗ್ರಿ ಉತ್ತರ ಅಕ್ಷಾಂಶದ ನಡುವ ಇದು ಹೆಚ್ಚು ಅಂತ ಪುಸ್ತಕದಾಗ ಬರೀತಾರ, ಸುಡಾನ್, ಮೆಕ್ಸಿಕೋ, ಭಾರತ ಎಲ್ಲಾ ಆ ಪಟ್ಟಿಯೊಳಗ, ನಮ್ಮ ಬಾಗಲಕೋಟಿ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲಾ ಅದರಾಗ ಬರ್ತಾವ. ವಿಶ್ವ ಆರೋಗ್ಯ ಸಂಸ್ಥೆ ಇದನ್ನ ನಿರ್ಲಕ್ಷಿತ ರೋಗದ ಪಟ್ಟಿಗೆ ಸೇರಿಸಿದ್ದ 2016ರಾಗ, ಅಷ್ಟ ತಡಾ.
ಪಾದ ತಗ್ಯೂದರ ಬಗ್ಗೆ: ಇದರಾಗ ಎರಡು ಜಾತಿ ಅದಾವು. ಒಂದು ಬ್ಯಾಕ್ಟೀರಿಯಾದ್ದು, ಆಕ್ಟಿನೋಮೈಸಿಟೋಮಾ. ಇನ್ನೊಂದು ಬೂಷ್ಟಿಂದು, ಅಂದ್ರ ಫಂಗಸ್, ಯೂಮೈಸಿಟೋಮಾ. ಹೊರಗ ನೋಡಿದ್ರ ಎರಡೂ ಒಂದ ಥರ, ಔಷಧಿ ಮಾತ್ರ ಪೂರಾ ಬ್ಯಾರೆ. ಬ್ಯಾಕ್ಟೀರಿಯಾದ್ದು ಎಲುವಿಗೆ ಹತ್ತಿದ್ರೂ ಔಷಧಿಗೆ ಚಲೋ ಬಗ್ಗತೈತಿ, ಅದಕ್ಕ ಯಾವುದು ಅಂತ ಗೊತ್ತಾಗೂ ಮೊದ್ಲ ಕತ್ತರಿಸೂ ಮಾತಿಗೆ ಹೂಂ ಅನಬ್ಯಾಡ್ರಿ. ಫಂಗಸ್‌ದಾದ್ರ ಇಟ್ರಾಕೊನಜೋಲ್ ಥರದ ಗುಳಿಗಿ ವರ್ಷಗಟ್ಲೆ, ಜೊತಿಗೆ ಹಲವು ಸಲ ಆಪರೇಷನ್ ಬೇಕಾಗ್ತದ. ಕಾಳು ಕಪ್ಪಿದ್ರ ಫಂಗಸ್, ಕೆಂಪಿದ್ರ ಬ್ಯಾಕ್ಟೀರಿಯಾ, ನಿಮ್ಮಂಗ ಬಿಳಿ ಹಳದಿ ಇದ್ರ ಎರಡರಾಗ ಯಾವುದರೆ ಆಗಬಹುದು, ಕಣ್ಣಿಲೆ ನೋಡಿ ಹೇಳಾಕ ಬರೂದಿಲ್ಲ.

ಗೋಕಾಕ_ಕರದಂಟು:
ಸರ್ ಹಂಗಾರ ಇದ್ನ ಯಾಕ ಯಾರೂ ಹಿಡೀಲಿಲ್ಲ? ಆರ ವರ್ಷ ಅಂದ್ರ ಏನ ಸಣ್ಣ ಮಾತಾ?

ಪಿಜಿ_ಚರ್ಮ:
ಮ್ಯಾಲಿನ ಕೀವನ್ನ ಹತ್ತಿಲೆ ಒರಸಿ ಲ್ಯಾಬಿಗೆ ಕಳಿಸಿದ್ರ ಸಾಮಾನ್ಯ ಹುಣ್ಣಿನ ಬ್ಯಾಕ್ಟೀರಿಯಾ ಬೆಳಿತಾವ, ರಿಪೋರ್ಟ್ ನೋಡಿ ಐದು ದಿನದ ಗುಳಿಗಿ ಕೊಡ್ತಾರ, ಅವು ಸತ್ತು ಸ್ವಲ್ಪ ದಿನ ಕೀವು ಕಡಿಮಿ, ಮಂದಿಗೆ ವಾಸಿ ಆತು ಅನಸ್ತದ. ಒಳಗಿನ ಅಸಲಿ ಜೀವಿ ಹಂಗ ಕುಂತಿರ್ತದ. ನೊಕಾರ್ಡಿಯಾದಂಥ ಮಣ್ಣಿನ ಬ್ಯಾಕ್ಟೀರಿಯಾ ಬೆಳ್ಯಾಕನ ವಾರಗಟ್ಲೆ ಹಿಡೀತಾವ, ಅವನ್ನ ಬೆಳಸೂ (ಕಲ್ಚರ್) ಪ್ಲೇಟ್ ಎರಡು ದಿನಕ್ಕ ತೆಗೆದು ಬಿಸಾಕಿದ್ರ ಏನೂ ಸಿಗೂದಿಲ್ಲ. ದಿನಕ್ಕ ನೂರು ಪೇಷಂಟ್ ನೋಡೋರಿಗೆ ವರ್ಷದಾಗ ಒಂದು ಬರೂ ರೋಗ ಇದು, ಮರತ್ರ ಬರೇ ಅವರನ್ನ ಬೈಯಾಕ ಬರೂದಿಲ್ಲ.

ನರ್ಸಕ್ಕ_ತಿಕೋಟಾ:
ನಾ ಬೈತೀನಿ ಬಿಡ್ರಿ ಸರ್. ಕಾಳ ಕೈಯಾಗ ಹಿಡಕೊಂಡು ಬಂದು ತೋರಿಸಿದ್ರ ನೋಡಬೇಕಲ್ಲ.
ಹುಡುಗಾ, ರಾತ್ರಿ ಕಾಲ ಚಂದಂಗ ತೊಳದು, ಮೆಡಿಕಲ್ಲಿನಾಗ ಸಲೈನ್ ಸಿಗತೈತಿ, ಅದರಾಗ ತೊಯಿಸಿದ ಸ್ಟೆರೈಲ್ (ಜಂತು ಇಲ್ಲದ) ಗಾಜ್ ಬಟ್ಟಿ ತೂತಿನ ಮ್ಯಾಲ ಇಟ್ಟು ಪಟ್ಟಿ ಕಟ್ಟು. ಮುಂಜಾನಿ ತಗದ್ರ ಕಾಳ ಅದಕ್ಕ ಅಂಟಿರ್ತಾವ. ಅದನ್ನ ಹಂಗ ಸ್ಟೆರೈಲ್ ಡಬ್ಬ್ಯಾಗ ಹಾಕ್ಕೊಂಡ ಅವತ್ತ ದವಾಖಾನಿಗೆ ಒಯ್ಯಿ. ಅರಿಷಿಣ, ಬೂದಿ, ಮುಲಾಮು ಏನೂ ಹಚ್ಚಬ್ಯಾಡ ಅವತ್ತ.

ಅಮೀನಗಡ_ಮಾಸ್ತರ:
ಮಾತಿಗೆ ಮಾತು, ನನ್ನ ಕಥೀನೂ ಹೇಳ್ತೀನಿ. ರಿಟೈರ್ ಆದ ಮ್ಯಾಲೆ ಹೊಲದ ಕೆಲಸ ಹಚ್ಕೊಂಡೆ. ಎರಡ ವರ್ಷ ಕಣ್ಣಿನ ರೆಪ್ಪಿ, ಕುತ್ತಿಗಿ, ಕಿವಿ ಹಿಂದ, ಮೊಳಕೈ ಮಡಿಕಿ, ಎಲ್ಲಾ ಕಡೆ ಚರ್ಮ ಆನಿ ಚರ್ಮದಂಗ ದಪ್ಪ ಆಗಿ ರಾತ್ರಿ ನಿದ್ದಿ ಇಲ್ಲದಂಗ ಕಡಿಯೂದು. ಬಿಸಲಿನ ಅಲರ್ಜಿ ಅಂದ್ರು, ಇಸಬು ಅಂದ್ರು. ಮಗಳ ಮನಿಗೆ ದುಬೈಗೆ ಹೋಗಿ ಎರಡ ತಿಂಗಳಿದ್ದೆ, ಅಲ್ಲಿ ಬಿಸಲ ನಮ್ಮಕ್ಕಿಂತ ಹೆಚ್ಚ, ಆದ್ರೂ ಪೂರಾ ಕಡಿಮಿ ಆತು! ತಿರುಗಿ ಬಂದ ಎಂಟ ದಿವಸಕ್ಕ ಮತ್ತ ಶುರು. ಇದ್ನ ಒಬ್ಬ ಚರ್ಮದ ಡಾಕ್ಟರ್ ಮುಂದ ಹೇಳಿದಾಗ ಅವ್ರು ನಕ್ಕೋತ ಕೇಳಿದ್ರು, ಮಾಸ್ತರ್, ನಿಮ್ಮ ಬದುವಿನ್ಯಾಗ ಕಾಂಗ್ರೆಸ್ ಕಸ ಎಷ್ಟೈತಿ ಅಂತ. ಪಾರ್ಥೇನಿಯಂ. ಬೆನ್ನಿಗೆ ಅಲರ್ಜಿ ನೋಡೂ ಪ್ಯಾಚ್ ಟೆಸ್ಟ್ ಪಟ್ಟಿ ಹಚ್ಚಿ ಎರಡ ದಿವಸಕ್ಕ ತಗದು ನೋಡಿದ್ರು, ಮತ್ತ ಎರಡ ದಿವಸ ಬಿಟ್ಟು ನೋಡಿದ್ರು, ಕಾಂಗ್ರೆಸ್ ಕಸದ ಜಾಗಾ ಕೆಂಪಗ ಉಬ್ಬಿತ್ತು. ಕಸ ಮುಟ್ಟಬೇಕಂತಿಲ್ಲ, ಒಣಗಿದ ಪುಡಿ ಗಾಳ್ಯಾಗ ಬಂದ್ರ ಸಾಕಂತ. 1950ರ ದಶಕದಾಗ ಪುಣೆ ಕಡೆ ಕಂಡ ಗಿಡ ಇವತ್ತ ನಮ್ಮ ಸಾಲಿ ಮೈದಾನದ ತನಕ ಬಂದೈತಿ, ನಾನ ಮಕ್ಕಳ ಕೈಲೆ ಶ್ರಮದಾನದಾಗ ಕೀಳಿಸ್ತಿದ್ದೆ ಬರಿಗೈಲೆ, ಈಗ ನೆನಸಿದ್ರ ಹೊಟ್ಟ್ಯಾಗ ಕಸಿವಿಸಿ ಆಗತೈತಿ. ರೋಗನಿರೋಧಕ ಶಕ್ತಿ ತಗ್ಗಿಸೂ ಅಜಥಯೋಪ್ರಿನ್ ಗುಳಿಗಿ ನಡದಾವ, ತಿಂಗಳಿಗೊಮ್ಮೆ ರಕ್ತ ತಪಾಸಣಿ.

ಜಮಖಂಡಿ_ಜಿಮ್:
ಮಾಸ್ತರ್ ಸೂಪರ್. ನನ್ನದು ಸಿಂಪಲ್, ತೊಡೆ ಸಂದ್ಯಾಗ ಗಜಕರ್ಣ ಬಂದಿತ್ತು, ಮೆಡಿಕಲ್‌ನವ್ರ ಕೇಳಿ ಮೂರ್ನಾಕ ಔಷಧಿ ಕೂಡ್ಸಿದ ಒಂದ ಟ್ಯೂಬ್ ಹಚ್ಚಿದೆ, ಎರಡ ದಿನಕ್ಕ ಕಡತ ಮಾಯ, ಬಿಟ್ರ ಡಬಲ್. ಹಿಂಗ ಎಂಟ ತಿಂಗಳು. ಕೊನಿಗೆ ಉಂಗರದ ಗುರುತ ಹೋಗಿ ಹೊಟ್ಟಿ ತನಕ ಏನೇನೋ ಆಕಾರ, ಮ್ಯಾಲ ಚರ್ಮ ಹರಿದಂಗ ಬಿಳಿ ಗೆರಿ. ಇದೇನರೆ ದೊಡ್ಡ ರೋಗ ಅಂತ ಹೆದರಿ ಹೋದ್ರ, ಡಾಕ್ಟರ್ ಬ್ಲೇಡಿಲೆ ಸ್ವಲ್ಪ ಕೆರದು ಗಾಜಿನ ಮ್ಯಾಲ ಕೆಓಎಚ್ ಅನ್ನೂ ಕ್ಷಾರದ ಹನಿ ಹಾಕಿ ಮೈಕ್ರೋಸ್ಕೋಪಿನ್ಯಾಗ ನೋಡಿ ಅಲ್ಲೇ ಹೇಳಿದ್ರು, ಅದ ಗಜಕರ್ಣ, ಟ್ಯೂಬಿನಾಗಿನ ಸ್ಟೆರಾಯ್ಡ್ ವೇಷ ಬದಲ ಮಾಡೇತಿ ಅಂತ.

ಪಿಜಿ_ಚರ್ಮ:
ಅಂಥಾ ಟ್ಯೂಬಿನಾಗ ಹೆಚ್ಚಾಗಿ ಕ್ಲೋಬೆಟಾಸಾಲ್ ಇರ್ತದ, ಸ್ಟೆರಾಯ್ಡ್‌ನ್ಯಾಗ ಭಾಳ ಜೋರಿನದು. ಗಜಕರ್ಣದ ಫಂಗಸ್ಸೂ ಈಗ ಮೊದಲಿನಂಗ ಇಲ್ಲ, ಟ್ರೈಕೋಫೈಟಾನ್ ಇಂಡೋಟಿನಿಯೇ ಅಂತ 2020ರಾಗ ಬ್ಯಾರೆ ಹೆಸರ ಇಟ್ಟಾರ, ಟರ್ಬಿನಾಫಿನ್ ಅನ್ನೂ ಫಂಗಸ್ ಔಷಧಿಗೆ ಎಷ್ಟೋ ಸಲ ಬಗ್ಗೂದಿಲ್ಲ. ಹೆಸರಿನ್ಯಾಗ ನಮ್ಮ ದೇಶ ಸೇರೇತಿ, ಹೆಮ್ಮೆ ಪಡೂ ವಿಷಯ ಏನಲ್ಲ.

ಶಹಾಪುರ_ಅಕ್ಕ:
ಬೆಳಗಾವಿ ಶಹಾಪುರ ನಮ್ದು. ನಮ್ಮ ನೆಗೆಣ್ಣಿಗೆ ಐದು ತಿಂಗಳು ಬಾಯಾಗ ಹುಣ್ಣು, ಮಜ್ಜಿಗಿ ಕುಡ್ಯಾಕನೂ ಬರ್ತಿರಲಿಲ್ಲ. ಬಿ ಕಾಂಪ್ಲೆಕ್ಸ್, ಹಲ್ಲಿನ ಡಾಕ್ಟರ್, ಉಷ್ಣ ಆಗೇತಿ ಅಂತ ಸಬ್ಜಾ ಬೀಜ, ಎಲ್ಲಾ ಆತು. ಆಮ್ಯಾಲೆ ಎದಿ ಮ್ಯಾಲ, ಬೆನ್ನಿಗೆ ನೀರ ಗುಳ್ಳಿ, ಒಡದ್ರ ಸುಟ್ಟ ಗಾಯದಂಗ ಹಸಿ. ಸರ್ಪಸುತ್ತು ಅಂತ ಊರಾಗ ಕೆಮ್ಮಣ್ಣು ಹಚ್ಚಿದ್ರು. ಸರ್ಪಸುತ್ತು ಮೈಯ ಒಂದ ಬಾಜೂಕ ಪಟ್ಟಿಯಂಗ ಬರತೈತಿ, ಇದು ಎರಡೂ ಕಡೆ ಇತ್ತು, ಅಷ್ಟೂ ಯಾರೂ ನೋಡಲಿಲ್ಲ. ಕೊನಿಗೆ ಪೆಂಫಿಗಸ್ ಅಂತ ಗೊತ್ತಾತು. ನಮ್ಮ ರಕ್ತದಾಗಿನ ಕಾವಲುಗಾರರು ತಪ್ಪು ತಿಳಕೊಂಡು ಚರ್ಮದ ಕಣಗಳನ್ನ ಹಿಡಿದಿಟ್ಟ ಅಂಟನ್ನ ಹರೀತಾವಂತ, ಹಿಂಗಂತ ಡಾಕ್ಟರ್ ತಿಳಿಸಿ ಹೇಳಿದ್ರು, ಸ್ಟೆರಾಯ್ಡ್ ಶುರು ಮಾಡಿದ್ರು.
ಒಂದ ಮಾತ ಮುಧೋಳದ ತಮ್ಮಗೂ ಹೇಳ್ತೀನಿ. ಪರೀಕ್ಷಾಕ್ಕಂತ ಆಕಿಗೆ ಚರ್ಮದ ಎರಡು ತುಕಡಿ (ಬಯಾಪ್ಸಿ) ತಗದ್ರು, ಒಂದು ಗುಳ್ಳಿದು, ತುಕಡಿ ಕೊಳಿದಂಗ ಇಡೂ ಫಾರ್ಮಲಿನ್ ಬಾಟ್ಲಿಗೆ, ಇನ್ನೊಂದು ಗುಳ್ಳಿ ಬಾಜೂಕಿನ ಚಲೋ ಚರ್ಮದ್ದು ಬ್ಯಾರೆ ದ್ರಾವಣಕ್ಕ, ಇಮ್ಯುನೋಫ್ಲೋರೆಸೆನ್ಸ್ ಅನ್ನೂ ಪರೀಕ್ಷಾಕ್ಕ. ಎರಡನೇದ್ನೂ ಫಾರ್ಮಲಿನ್‌ನ್ಯಾಗ ಹಾಕಿದ್ರ ಆ ಪರೀಕ್ಷಾ ಕೆಟ್ಟಂಗ. ಬಾಟ್ಲಿ ಯಾವ್ದು ಅಂತ ಕೇಳ್ರಿ, ನಾಚಿಕಿ ಬ್ಯಾಡ.

ಬಾದಾಮಿ_ಕಲ್ಲು:
ಅಕ್ಕಾರ ಈಗ ಹೆಂಗದಾರ್ರಿ ಅವ್ರು? ಸ್ಟೆರಾಯ್ಡ್ ಅಂದ್ರ ಹೆದರಿಕಿ ಆಗತೈತಿ, ಮಾರಿ ಬಾಯತೈತಿ ಅಂತಾರ.

ಶಹಾಪುರ_ಅಕ್ಕ:
ಹಾಂ ಮಾರಿ ಬಾತಿತ್ತು, ಸಕ್ಕರೀನೂ ಏರಿತ್ತು. ಆದ್ರ ಜೀವ ಉಳೀತು. ಸ್ಟೆರಾಯ್ಡ್ ಬರೂಕ್ಕಿಂತ ಮೊದಲ ಈ ರೋಗ ಬಂದವ್ರು ಉಳಿಯೂದ ಕಡಿಮಿ ಇತ್ತಂತ. ದಿಲ್ಲಿ ಏಮ್ಸ್‌ನ ಡಾ. ಪಸ್ರೀಚಾ ಅನ್ನೂವ್ರು 1980ರ ದಶಕದಾಗ ಪಲ್ಸ್ ಚಿಕಿತ್ಸಾ ಅಂತ ಶುರು ಮಾಡಿದ್ರು, ತಿಂಗಳಿಗೆ ಮೂರ ದಿವಸ ಸಲೈನಿನ್ಯಾಗ ಔಷಧಿ ಏರಸ್ತಾರ, ಉಳಿದ ದಿನ ಮನ್ಯಾಗ. ಆಕಿದು ಮೊದ್ಲ ಅದ ನಡೀತು, ಆಮ್ಯಾಲ ರಿಟುಕ್ಸಿಮಾಬ್ ಅನ್ನೂ ಔಷಧಿ ಕೊಟ್ರು. ಎರಡ ವರ್ಷ ಆತು, ಹೊಸಾ ಗುಳ್ಳಿ ಇಲ್ಲ. ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ ಐತಿ, ಆದ್ರ ಸರಕಾರಿ ದವಾಖಾನಿಯಿಂದ ರೆಫರಲ್ ಚೀಟಿ ತಗೊಂಡ ಹೋಗಬೇಕು, ನೇರ ಪ್ರೈವೇಟ್‌ಗೆ ಓಡಿ ಆಮ್ಯಾಲ ಕಾರ್ಡ್ ತೋರಿಸಿದ್ರ ಆಗೂದಿಲ್ಲ. ನಾವು ಅಲ್ಲೇ ಎಡವಿದ್ವಿ.

ಇಂಡಿ_ಲಿಂಬಿಕಾಯಿ:
ಹಂಗಾರ ಹುಡುಗಾ ಎಲ್ಲಿಗೆ ಒಯ್ತಿ? ನಮ್ಮ ಕಡೆ ದೊಡ್ಡದೇನರೆ ಆದ್ರ ಸೊಲ್ಲಾಪುರಕ್ಕ ಓಡ್ತೀವಿ.

ಅಥಣಿ_ಚಪ್ಪಲ್:
ನಮ್ಮ ಕಡೆ ಮಿರಜ. ಅಜ್ಜನ ಕಾಲದಿಂದ ಏನ ಆದ್ರೂ ಮಿರಜ.

ನರ್ಸಕ್ಕ_ತಿಕೋಟಾ:
ಊರಿನ ಅಭಿಮಾನ ಬಾಜೂಕಿಡ್ರಿ. ಬಾಗಲಕೋಟಿ, ವಿಜಯಪುರ, ಬೆಳಗಾವಿ ಮೂರೂ ಕಡೆ ಮೆಡಿಕಲ್ ಕಾಲೇಜ್ ಅದಾವು, ಹುಬ್ಬಳ್ಳಿನೂ ದೂರಿಲ್ಲ. ಚರ್ಮದ ವಿಭಾಗ, ಪ್ಯಾಥಾಲಜಿ, ಮೈಕ್ರೋಬಯಾಲಜಿ ಮೂರೂ ಒಂದ ಕಂಪೌಂಡಿನಾಗ ಇರೂ ಕಡೆ ಹೋದ್ರ ಸಾಕು.

ಮುಧೋಳ_ಹುಡುಗ:
(ಹನ್ನೊಂದು ದಿವಸದ ಮ್ಯಾಲೆ)
ಎಲ್ಲಾರಿಗೂ ಒಂದ ಅಪ್ಡೇಟ್, ಚಲೋದ್ದಲ್ಲ. ಮೊದ್ಲ ಹತ್ರದ ಒಂದ ದವಾಖಾನ್ಯಾಗ ತುಕಡಿ ತಗಸಿದ್ವಿ, ನಾಲ್ಕ ಸಾವಿರ ಹೋತು. ರಿಪೋರ್ಟಿನ್ಯಾಗ ಹಳೇ ಬಾವು, ಕಾಳ ಕಂಡಿಲ್ಲ ಅಂತ ಬಂತು. ಕಲ್ಚರ್ ಎಲ್ಲಿ ಅಂದ್ರ ಪೂರಾ ತುಕಡಿ ಫಾರ್ಮಲಿನ್‌ಗೆ ಹಾಕಿದ್ರು, ಅದ್ರಾಗ ಜೀವಿ ಸಾಯ್ತಾವ, ಬೆಳಸಾಕ ಬರೂದಿಲ್ಲ ಅಂದ್ರು. ಶಹಾಪುರದ ಅಕ್ಕಾರ ಬರದಿದ್ದು ನಾ ಆ ದಿನ ರಾತ್ರಿ ಓದಿದೆ, ಬಸ್ಸಿನಾಗ ಕುಂತು. ಅಪ್ಪ ಕಿಟಕಿ ಕಡೆ ಮಾರಿ ಮಾಡಿ ಕುಂತಿದ್ದ, ಏನೂ ಮಾತಾಡಲಿಲ್ಲ, ಲೋಕಾಪುರ ದಾಟಿದ ಮ್ಯಾಲ ಬರೇ ಇಷ್ಟ ಅಂದ, ರೊಕ್ಕ ಹೋದ್ರ ಹೋಗ್ಲಿ ಬಿಡು, ಕಾಲ ಐತಲ್ಲ ಇನ್ನಾ ಅಂತ.

ಪಿಜಿ_ಚರ್ಮ:
ಬೇಜಾರ ಆಗಬ್ಯಾಡ. ಮ್ಯಾಲಿಂದ ಸಣ್ಣ ತುಕಡಿ ತಗದ್ರ ಕಾಳು ಸಿಗದಿರೂದು ಸಾಮಾನ್ಯ, ಆಳದಿಂದ ತಗೀಬೇಕು. ಒಂದು ಫಾರ್ಮಲಿನ್‌ಗೆ, ಒಂದು ಸ್ಟೆರೈಲ್ ಸಲೈನ್‌ಗೆ. ಲ್ಯಾಬಿನವ್ರಿಗೆ ಮೈಸಿಟೋಮಾ ಸಂಶಯ ಅಂತ ಚೀಟಿಯೊಳಗ ಬರೆಸ್ರಿ, ಆಗ ಪ್ಲೇಟನ್ನ ವಾರಗಟ್ಲೆ ಇಡ್ತಾರ. ಗಾಜ್ ಬಟ್ಟಿಗೆ ಅಂಟಿದ ಕಾಳು ಬಿಡಬ್ಯಾಡ್ರಿ, ಅದನ್ನ ಒತ್ತಿ ಗ್ರಾಂ ಸ್ಟೇನ್ ಅನ್ನೂ ಬಣ್ಣ ಹಾಕಿ ಮೈಕ್ರೋಸ್ಕೋಪಿನ್ಯಾಗ ನೋಡಿದ್ರ ಎಳಿ ತೆಳ್ಳಗ ಇದ್ರ ಬ್ಯಾಕ್ಟೀರಿಯಾ, ದಪ್ಪ ಇದ್ರ ಫಂಗಸ್ ಅಂತ ಒಂದ ದಿನದಾಗ ಅಂದಾಜ ಸಿಗ್ತದ. ಈಗ ಯಾವ ಆ್ಯಂಟಿಬಯಾಟಿಕ್ ನಡದದ ಅಂತ ಡಾಕ್ಟರಿಗೆ ತಪ್ಪದ ಹೇಳ್ರಿ.

ಜಮಖಂಡಿ_ಜಿಮ್:
ಮನಿಯವ್ರಿಗೆ ಹತ್ತೂದಿಲ್ಲೇನ್ರಿ ಸರ್ ಇದು?

ಪಿಜಿ_ಚರ್ಮ:
ಇಲ್ಲ. ಒಬ್ಬರಿಂದ ಒಬ್ಬರಿಗೆ ಹತ್ತೂದಿಲ್ಲ, ತಾಟು ಬ್ಯಾರೆ ಇಡೂದು ಅದು ಇದು ಏನೂ ಬ್ಯಾಡ.

ಮುಧೋಳ_ಹುಡುಗ:
(ಎರಡು ತಿಂಗಳ ಮ್ಯಾಲೆ)
ಕೆಲಸದ ಗಡಿಬಿಡ್ಯಾಗ ಬರ್ಯಾಕ ಆಗಿರಲಿಲ್ಲ, ಕ್ಷಮಿಸ್ರಿ. ಮೆಡಿಕಲ್ ಕಾಲೇಜಿಗೆ ಒಯ್ದ್ವಿ, ಗಾಜ್ ಬಟ್ಟಿ ಹಾಕಿದ ಡಬ್ಬಿ ಕೈಯಾಗ ಹಿಡಕೊಂಡ ಹೋಗಿದ್ದೆ. ಅಲ್ಲಿ ಮೇಡಂ ಡಬ್ಬಿ ನೋಡಿದಾಕಿನ ನಾಲ್ಕ ಜನ ಸ್ಟುಡೆಂಟ್ಸ್‌ನ ಕರದು ತೋರಿಸಿದ್ಲು, ಅಪ್ಪಗ ಮೊದ್ಲ ಸಿಟ್ಟ ಬಂತು, ಆಮ್ಯಾಲ ತಾನ ಕಾಲ ಮುಂದ ಚಾಚಿ, ನೋಡ್ರಿ ತಂಗಿ ಇಲ್ಲೂ ಒಂದ ತೂತೈತಿ ಅಂತ ಪಾಠ ಹೇಳಾಕ ನಿಂತ! ಕಾಳಿನ ಸ್ಲೈಡಿನಾಗ ತೆಳ್ಳನ ಎಳಿ ಕಂಡ್ವು, ಎಂಆರ್‌ಐದಾಗ ಸಣ್ಣ ಉಂಗುರದ ನಡುವ ಚುಕ್ಕಿ ಚುಕ್ಕಿ ಇದ್ವು, ಎಲುವಿಗೆ ಸ್ವಲ್ಪ ಹತ್ತೇತಿ. ಆಳದ ತುಕಡಿ ತಗದು ಎರಡು ಬಾಟ್ಲಿ, ನಾನ ಕಣ್ಣಾರೆ ನೋಡಿದೆ. ಮೂರು ವಾರಕ್ಕ ಕಲ್ಚರ್ ಬಂತು, ನೊಕಾರ್ಡಿಯಾ. ಬ್ಯಾಕ್ಟೀರಿಯಾದ್ದ.
ಶುರು ಮಾಡೂ ಮೊದ್ಲ ಕಿಡ್ನಿ ಟೆಸ್ಟ್, ಕಿವಿ ಕೇಳೂ ಟೆಸ್ಟ್ ಮಾಡಿದ್ರು ಯಾಕಂದ್ರ ಅಮಿಕಾಸಿನ್ ಅನ್ನೂ ಆ್ಯಂಟಿಬಯಾಟಿಕ್ ಸೂಜಿ ಎರಡಕ್ಕೂ ಹೊಡೀಬಹುದಂತ. ಸಲ್ಫಾ ಅಲರ್ಜಿ ಐತೇನು ಅಂತನೂ ಕೇಳಿದ್ರು. ಮೂರು ವಾರ ದಿನಾ ಎರಡ ಸಲ ಸೂಜಿ, ಜೊತಿಗೆ ಸಲ್ಫಾ ಇರೂ ಕೋಟ್ರೈಮಾಕ್ಸಜೋಲ್ ಗುಳಿಗಿ ಐದು ವಾರ, ಅದು ಒಂದ ಸುತ್ತ. ಸೂಜಿ ನಿಂತ ಎರಡ ವಾರದಾಗ ಮತ್ತ ಕಿಡ್ನಿ, ಕಿವಿ ಟೆಸ್ಟ್. ಹಿಂಗ ಇನ್ನೂ ಮೂರ್ನಾಕ ಸುತ್ತ ಬೇಕಾಗಬಹುದು ಅಂದಾರ. ಒಂದ ಸುತ್ತ ಮುಗದೈತಿ. ಆರು ತೂತಿನಾಗ ನಾಲ್ಕ ಒಣಗ್ಯಾವ, ಬಾವು ಅರ್ಧ ಇಳದೈತಿ, ಪಾದ ತಗ್ಯೂ ಮಾತ ಯಾರೂ ಎತ್ತಲಿಲ್ಲ. ಬದನಿಕಾಯಿ ತಿನ್ನಬಹುದಾ ಅಂತ ಅಪ್ಪ ಮೇಡಂಗ ಕೇಳಿದ, ಆಕಿ ಹೂಂ ಅಂದಿದ್ದಕ್ಕ ಅವತ್ತ ಸಂಜಿಕ ಎಣಗಾಯಿ ಮಾಡಿಸಿದ.

ಅಮೀನಗಡ_ಮಾಸ್ತರ:
ಎಣಗಾಯಿ ಸುದ್ದಿ ಕೇಳಿ ಕಣ್ಣಾಗ ನೀರ ಬಂತಪ್ಪ ಹುಡುಗಾ. ಗುಳಿಗಿ ನಡುವ ಬಿಡಿಸಬ್ಯಾಡ ಮತ್ತ.

ನರ್ಸಕ್ಕ_ತಿಕೋಟಾ:
ಕಿವ್ಯಾಗ ಗುಂಯ್ ಅನ್ನೂದು, ತಲಿ ತಿರಗೂದು, ಮೂತ್ರ ಕಡಿಮಿ ಆಗೂದು, ಏನರೆ ಆದ್ರ ಮುಂದಿನ ತಾರೀಖ ಕಾಯಬ್ಯಾಡ, ಅವತ್ತ ಫೋನ್ ಮಾಡು. ಮೈ ಮ್ಯಾಲ ಗುಳ್ಳಿ, ಕೆಂಪ ಎದ್ರೂ ಅಷ್ಟ, ಆ ಗುಳಿಗಿಗೆ ಕೆಲವ್ರಿಗೆ ಹಂಗ ಆಗತೈತಿ.

ಮುಧೋಳ_ಹುಡುಗ:
ಆತ್ರಿ ಅಕ್ಕಾರ. ಈಗ ಒಂದ ಹೊಸಾ ತಲಿಬ್ಯಾನಿ, ಕಾರಖಾನಿ ಶುರು ಆಗೂದ್ರಾಗ ಕಬ್ಬ ಕಡ್ಯಾಕ ಹೋಗ್ತೀನಿ ಅಂತ ಕುಂತಾನ. ಬೂಟ ಹಾಕ್ಕೋ ಅಂದ್ರ ಎಡಗಾಲಿಗೆ ಒಂಬತ್ತು ಬೇಕು, ಬಲಗಾಲಿಗೆ ಏಳು. ಅಂಗಡ್ಯಾಗ ಎರಡ ಜೋಡಿ ತಗೋರಿ ಅಂತಾರ.

ಅಥಣಿ_ಚಪ್ಪಲ್:
ಯಾಕ ಎರಡ ಜೋಡಿ? ನಮ್ಮ ಮನಿತನದ ಕೆಲಸ ಇದ ಐತಿ. ಚಪ್ಪಲ್ ಬ್ಯಾಡ, ಕಬ್ಬಿನ ರವದ್ಯಾಗ (ಒಣ ಎಲಿಯಾಗ) ಅದು ಮುಳ್ಳ ತಡಿಯೂದಿಲ್ಲ, ಹಿಮ್ಮಡ ಮುಚ್ಚಿದ ಬೂಟ ಹೊಲದುಕೊಡ್ತೀವಿ, ತಳಾ ದಪ್ಪ ಹಾಕಿ. ಅಪ್ಪಾರನ್ನ ಕಾಗದದ ಮ್ಯಾಲ ನಿಲ್ಲಿಸಿ ಎರಡೂ ಕಾಲಿನ ಸುತ್ತ ಪೆನ್ಸಿಲ್ ಎಳದು ಕಳಿಸು. ಎಡಗಾಲಿಂದು ಸಂಜಿಕ ಎಳಿ, ಹಗಲ ನಡದ ಮ್ಯಾಲ ಬಾವು ಜಾಸ್ತಿ ಇರತೈತಿ.

ಮುಧೋಳ_ಹುಡುಗ:
ಎಡಗಾಲ ಇನ್ನೂ ಇಳಿಯಾಕತ್ತೈತ್ರಿ ಅಣ್ಣಾರ, ಈಗ ಹೊಲಸಿದ್ರ ಮುಂದ ಸಡಲ ಆಗತೈತಿ.

ಅಥಣಿ_ಚಪ್ಪಲ್:
ಹಂಗಾರ ಮ್ಯಾಲ ಲೇಸ್ ಇಡ್ತೀನಿ, ಇಳದಂಗ ಬಿಗಿ ಮಾಡ್ಕೋತ ಹೋಗ್ಲಿ. ರೊಕ್ಕ ಒಂದ ಜೋಡಿದ ಅಷ್ಟ.